ಗ್ರಂಥಪಾತವೂ ಬತ್ತಿದ ಕೊಳವೂ

ಶನಿಗ್ರಹವನ್ನು ಸುತ್ತುವ ಚಂದ್ರರಲ್ಲೆಲ್ಲ ದೊಡ್ಡದಾದ ಟೈಟನ್ ಎಂಬುದರ ನಕಾಶೆಯನ್ನು ನಾನು ಕೆಲವು ವಾರಗಳಿಂದ ಕಾವ್ಯವೊಂದನ್ನು ಓದುವ ಎಚ್ಚರಿಕೆಯಿಂದ ಓದುತ್ತಿದ್ದೇನೆ. ಕನ್ನಡ ಪಾಠ ಹೇಳುವವನಿಗೆ ಆಕಾಶದ ಈ ಉಸಾಬರಿ ಏಕೆ ಎಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆ ನೆಲದ ರಸಾಯನವಾಗಲಿ ಭೌತಶಾಸ್ತ್ರವಾಗಲಿ ನನ್ನ ಹೊಲವಲ್ಲ. ಆದರೆ ನಕಾಶೆಯ ಮೇಲೆ ಹೆಸರುಗಳಿವೆ. ಅವನ್ನು ಯಾರೋ ಕುಳಿತು, ಯೋಚಿಸಿ, ಚರ್ಚಿಸಿ ಇಟ್ಟಿದ್ದಾರೆ. ಅವುಗಳಲ್ಲಿ ಉಪಮೆಯಿದೆ, ಲಕ್ಷಣೆಯಿದೆ, ಅಲ್ಲಲ್ಲಿ ಅನೌಚಿತ್ಯವೂ ಇದೆ. ಇಷ್ಟೆಲ್ಲ ಇದ್ದಮೇಲೆ ವಿಮರ್ಶಕನಿಗೆ ಅಲ್ಲಿ ಕೆಲಸವಿಲ್ಲವೆನ್ನಲಾಗದು. ಅದರಲ್ಲಿಯೂ ಟೈಟನ್ನಿನ ಬತ್ತಿಹೋದ ಸರೋವರಗಳಿಗೆ ಅವರು ಆರಿಸಿಕೊಂಡಿರುವ 'ಲಕೂನ' ಎಂಬ ಜಾತಿನಾಮ ಗ್ರಂಥಸಂಪಾದನೆಯ ಗಂಧವಿರುವ ಯಾರ ಗಮನವನ್ನಾದರೂ ಸೆಳೆಯತಕ್ಕದ್ದು. ಅದನ್ನು ಕನ್ನಡಕ್ಕೆ ತರುವುದು ಹೇಗೆಂದು ಯೋಚಿಸಹೊರಟಾಗ, ನಮ್ಮ ಮಾತಿನ ಶಕ್ತಿಯನ್ನೂ ನಮ್ಮ ಆಲಸ್ಯವನ್ನೂ ಕುರಿತು ಕೆಲವು ಸಂಗತಿಗಳು ಹೊರಬೀಳುತ್ತವೆ.

ಮೊದಲು ಆ ಲೋಕದ ಪರಿಚಯ ಸ್ವಲ್ಪ. ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ 1655ರಲ್ಲಿ ಇದನ್ನು ದೂರದರ್ಶಕದಲ್ಲಿ ಕಂಡ. ಟೈಟನ್ ಎಂಬ ಹೆಸರು ಬಂದದ್ದು ಅದಕ್ಕೆ ಸುಮಾರು ಇನ್ನೂರು ವರ್ಷಗಳ ಮೇಲೆ, 1847ರಲ್ಲಿ, ಜಾನ್ ಹರ್ಷೆಲನಿಂದ. ಅಡ್ಡಳತೆ 5150 ಕಿಲೋಮೀಟರು. ಅಂದರೆ ಚಂದ್ರನೆನ್ನಿಸಿಕೊಂಡರೂ ಬುಧಗ್ರಹಕ್ಕಿಂತ ದೊಡ್ಡದು. 1944ರಲ್ಲಿ ಜೆರಾರ್ಡ್ ಕೈಪರ್ ಅದರ ವಾಯುಮಂಡಲದಲ್ಲಿ ಮೀಥೇನ್ ಇದೆಯೆಂದು ತೋರಿಸಿಕೊಟ್ಟ. 1980ರಲ್ಲಿ ವಾಯೇಜರ್ 1 ನೌಕೆ ಅದರ ಸಮೀಪದಲ್ಲಿಯೇ ಹಾದುಹೋಯಿತು; ಆದರೆ ಅದಕ್ಕೆ ಕಂಡದ್ದು ಕಿತ್ತಳೆ ಬಣ್ಣದ ದಟ್ಟವಾದ ಮಬ್ಬು ಮಾತ್ರ, ನೆಲ ಕಾಣಲಿಲ್ಲ. ನೆಲ ಕಾಣದಾಗ ಲೆಕ್ಕಾಚಾರ ಮುಂದೆ ಬರುತ್ತದೆ. ಟೈಟನ್ನನ್ನೆಲ್ಲ ಒಂದು ಕಿಲೋಮೀಟರಿನಷ್ಟು ಆಳದ ಈಥೇನ್ ಸಮುದ್ರ ಮುಚ್ಚಿಕೊಂಡಿರಬಹುದೆಂದು 1983ರಲ್ಲಿ ಮೂವರು ವಿದ್ವಾಂಸರು ಬರೆದರು.

2004ರಲ್ಲಿ ಕ್ಯಾಸಿನಿ ನೌಕೆ ಶನಿಯನ್ನು ಮುಟ್ಟಿತು. ಅದು ಹೊತ್ತು ತಂದಿದ್ದ ಹೈಗೆನ್ಸ್ ಎಂಬ ಮರಿನೌಕೆ 2005ನೆಯ ಜನವರಿ 14ರಂದು ಟೈಟನ್ನಿನ ಮೇಲೆ ಇಳಿಯಿತು. ತೇಲಬೇಕಾದೀತೆಂಬ ಸಂಭವವನ್ನೂ ಮನಸ್ಸಿನಲ್ಲಿಟ್ಟು ಕಟ್ಟಿದ್ದ ನೌಕೆ ಅದು. ಇಳಿದದ್ದು ಮಾತ್ರ ನೆಲದ ಮೇಲೆ. ಇಳಿಯುವಾಗ ತೆಗೆದ ಚಿತ್ರಗಳಲ್ಲಿ ಬೆಳ್ಳಗಿನ ದಿಬ್ಬಗಳ ಮೈಮೇಲೆ ಮರದ ಕೊಂಬೆಗಳಂತೆ ಕವಲೊಡೆದ ಕಾಲುವೆಗಳು ಕಂಡವು. ಅವು ಕೆಳಗಿನ ಕಪ್ಪು ಬಯಲಿಗೆ ಬಂದು ಕೊನೆಗಾಣುತ್ತಿದ್ದವು. ಬಯಲಿನಲ್ಲಿ ಉರುಟಾದ ಕಲ್ಲುಗುಂಡುಗಳು. ಹರಿಯುವ ದ್ರವವಲ್ಲದೆ ಮತ್ತಾವುದೂ ಕಲ್ಲನ್ನು ಹಾಗೆ ನಯಮಾಡುವುದಿಲ್ಲವೆಂದು ಹೊಳೆಯ ಪಾತ್ರವನ್ನು ಕಂಡ ಯಾರಿಗಾದರೂ ಗೊತ್ತು. ಇಷ್ಟಾದರೂ ಅಲ್ಲಿ ಹನಿ ದ್ರವವೂ ಕಾಣಲಿಲ್ಲ. ಮನುಷ್ಯನ ಕೈಯಿಂದಾದ ವಸ್ತು ಟೈಟನ್ನಿನ ಮೇಲೆ ಮೊದಲು ಕಾಲಿಟ್ಟದ್ದೇ ದ್ರವ ಬಂದು ಹೋದ ಬಯಲಿನಲ್ಲಿ. ಆದರೆ ನೌಕೆಯ ಬಿಸಿ ತಾಗಿದೊಡನೆ ನೆಲದಿಂದ ಮೀಥೇನ್ ಆವಿ ಮೇಲೆದ್ದಿತು. ಮೇಲೆ ಒಣಗಿದ್ದರೂ ಒಳಗೆ ಹಸಿ ಆರಿರಲಿಲ್ಲ. ಈ ಒಂದು ವಿವರವನ್ನು ವಾಚಕರು ಮರೆಯಬಾರದು, ಮುಂದೆ ಬೇಕಾಗುತ್ತದೆ.

ಅಲ್ಲಿಯ ಶೈತ್ಯ ಸೊನ್ನೆಗಿಂತ 179 ಡಿಗ್ರಿ ಕೆಳಗೆ. ಆ ಚಳಿಯಲ್ಲಿ ನೀರು ಕಲ್ಲು. ನಾನು ಮೇಲೆ ಹೇಳಿದ ಗುಂಡುಗಳು ನೀರ್ಗಲ್ಲಿನವು. ನಮ್ಮಲ್ಲಿ ಅನಿಲವಾಗಿರುವ ಮೀಥೇನ್ ಅಲ್ಲಿ ದ್ರವವಾಗಿ ಮಳೆ ಸುರಿಯುತ್ತದೆ, ಹರಿಯುತ್ತದೆ, ನಿಲ್ಲುತ್ತದೆ, ಆವಿಯಾಗುತ್ತದೆ. 2006ನೆಯ ಜುಲೈಯಲ್ಲಿ ಕ್ಯಾಸಿನಿಯ ರೇಡಾರು ಉತ್ತರ ಧ್ರುವದ ಕಡೆಯ ನೆಲವನ್ನು ತಡವಿದಾಗ ಎಪ್ಪತ್ತೈದಕ್ಕೂ ಹೆಚ್ಚು ಕಪ್ಪು ಮಡುಗಳು ಕಂಡವು. ಚಿಕ್ಕವು ಮೂರು ಕಿಲೋಮೀಟರು, ದೊಡ್ಡವು ಎಪ್ಪತ್ತಕ್ಕೂ ಮೇಲೆ. ಮುಂದಿನ ವರ್ಷಗಳಲ್ಲಿ ಈ ಸಂಖ್ಯೆ ನೂರಾರಾಯಿತು, ಸಮುದ್ರವೆನ್ನಬಹುದಾದ ಮೂರು ಸಿಕ್ಕವು. ಭೂಮಿಯನ್ನು ಬಿಟ್ಟರೆ, ನೆಲದ ಮೇಲೆ ಇಂದಿಗೂ ದ್ರವ ನಿಂತಿರುವುದು ಕಂಡುಬಂದಿರುವ ಲೋಕ ಇದೊಂದೇ.

ರೇಡಾರಿನ ಓದುವ ಕ್ರಮವನ್ನೂ ಹೇಳಿಬಿಡಬೇಕು. ನಯವಾದ ಮೈ ರೇಡಾರಿನ ಅಲೆಯನ್ನು ಆಚೆಗೆ ಜಾರಿಸುತ್ತದೆ, ಹಿಂದಕ್ಕೆ ಕೊಡುವುದಿಲ್ಲ. ಆದ್ದರಿಂದ ಚಿತ್ರದಲ್ಲಿ ಅದು ಕಪ್ಪು. ಒರಟಾದದ್ದು ಬೆಳ್ಳಗೆ ಕಾಣುತ್ತದೆ. ನಿಂತ ದ್ರವಕ್ಕಿಂತ ನಯವಾದದ್ದು ಅಪರೂಪವಾದ ಕಾರಣ, ತಗ್ಗಿನೊಳಗೆ ಕಡುಗಪ್ಪು ಕಂಡರೆ ತುಂಬಿದ ಸರೋವರವೆಂದೂ, ಅದೇ ಆಕಾರದ ತಗ್ಗು, ಅದೇ ಬಗೆಯ ಅಂಚು ಇದ್ದು ತಳ ಬೆಳ್ಳಗೆ ಕಂಡರೆ ಬರಿದಾದದ್ದೆಂದೂ ತಿಳಿಯುತ್ತಾರೆ. ತುಂಬಿದವುಗಳ ನೆರೆಯಲ್ಲಿಯೇ ಬರಿದಾದವು ಬೇಕಾದಷ್ಟಿವೆ. ಪಾಠಾಂತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಕ್ರಮಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಇನ್ನು ಹೆಸರುಗಳ ಮಾತು. ಆಕಾಶದಲ್ಲಿ ನೀರಿನ ಹೆಸರಿಡುವ ಚಾಳಿ ಹಳೆಯದು. 1651ರಲ್ಲಿ ರಿಚ್ಚೋಲಿ ಎಂಬ ಇಟಲಿಯ ಪಾದ್ರಿ ನಮ್ಮ ಚಂದ್ರನ ಕಪ್ಪು ಕಲೆಗಳಿಗೆ 'ಮಾರೆ', ಎಂದರೆ ಸಮುದ್ರ, ಎಂದು ಹೆಸರಿಟ್ಟು ನಕಾಶೆ ಮಾಡಿಸಿದ. ಅವು ಸಮುದ್ರಗಳಲ್ಲ, ಹೆಪ್ಪುಗಟ್ಟಿದ ಲಾವಾ ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. 1969ರಲ್ಲಿ ಮನುಷ್ಯರು ಇಳಿದ 'ಶಾಂತಿಸಾಗರ'ದಲ್ಲಿ ಕಾಲು ನೆನೆಯುವಷ್ಟೂ ನೀರಿರಲಿಲ್ಲ. (ಚನ್ನಗಿರಿಯ ಬಳಿಯ ಸೂಳೆಕೆರೆಗೂ ಶಾಂತಿಸಾಗರವೆಂಬ ಹೆಸರುಂಟು; ಅಲ್ಲಿ ನೀರಿದೆ.) ಆದರೂ ಚಂದ್ರನ ಹೆಸರನ್ನು ಯಾರೂ ಬದಲಾಯಿಸಲಿಲ್ಲ, ಬದಲಾಯಿಸಬೇಕಾದ ಅಗತ್ಯವೂ ಇಲ್ಲ. ದರ್ಭೆಯನ್ನು ಕೊಯ್ಯುವವನು 'ಕುಶಲ'ನೆಂಬ ಮೂಲಾರ್ಥ ಮರೆತು ಜಾಣನೆಂಬ ಅರ್ಥ ನಿಂತ ಹಾಗೆ, ಚಂದ್ರನ 'ಸಾಗರ' ಕಪ್ಪು ಬಯಲೆಂಬ ಅರ್ಥದಲ್ಲಿ ನಿಂತುಹೋಗಿದೆ. ನಮ್ಮ ಆಲಂಕಾರಿಕರು ಇದಕ್ಕೆ ರೂಢಿಲಕ್ಷಣೆ ಎಂದು ಹೆಸರಿಟ್ಟಿದ್ದಾರೆ.

ಟೈಟನ್ನಿಗೆ ಬಂದಾಗ ಒಂದು ವಿಚಿತ್ರ ನಡೆಯಿತು. ಅದೇ ಹಳೆಯ 'ಮಾರೆ' ಎಂಬ ಶಬ್ದ, ಮುನ್ನೂರೈವತ್ತು ವರ್ಷಗಳ ಲಾಕ್ಷಣಿಕ ಬಾಳಿನ ತರುವಾಯ, ಮತ್ತೆ ವಾಚ್ಯಾರ್ಥಕ್ಕೆ ಮರಳಿತು. ಕ್ರಾಕೆನ್ ಮಾರೆ ನಿಜವಾಗಿಯೂ ಸಮುದ್ರ. ಸುಮಾರು ನಾಲ್ಕು ಲಕ್ಷ ಚದರ ಕಿಲೋಮೀಟರು ಹರವಿನ, ಅಲೆ ಏಳಬಲ್ಲ ದ್ರವ. ಶಬ್ದಗಳ ಚರಿತ್ರೆಯಲ್ಲಿ ವಾಚ್ಯದಿಂದ ಲಕ್ಷ್ಯಕ್ಕೆ ಹೋದವು ಅಸಂಖ್ಯ. ಹೋದ ದಾರಿಯಲ್ಲಿಯೇ ತಿರುಗಿ ಮನೆಗೆ ಬಂದದ್ದಕ್ಕೆ ಇಂಥ ಇನ್ನೊಂದು ನಿದರ್ಶನ ನನಗೆ ಥಟ್ಟನೆ ಹೊಳೆಯುವುದಿಲ್ಲ.

ಅಂತರರಾಷ್ಟ್ರೀಯ ಖಗೋಳ ಒಕ್ಕೂಟದವರು ಈ ನಾಮಕರಣಕ್ಕೆ ನಿಯಮಗಳನ್ನು ಮಾಡಿಕೊಂಡಿದ್ದಾರೆ. ಸಮುದ್ರಗಳಿಗೆ ಪುರಾಣ, ಸಾಹಿತ್ಯಗಳ ಜಲಚರಗಳ ಹೆಸರು: ಕ್ರಾಕೆನ್ ಉತ್ತರ ಯೂರೋಪಿನ ಕಡಲಭೂತ, ಲೈಜಿಯ ಗ್ರೀಕರ ಮೋಹಿನಿ, ಪುಂಗ ಮಾವೋರಿ ಜನರ ಕಥೆಗಳಲ್ಲಿ ಬರುವವನು. ಪರ್ವತಗಳಿಗೆ ಟೋಲ್ಕೀನನ ಕಥಾಲೋಕದ ಬೆಟ್ಟಗಳ ಹೆಸರು. ಬಯಲುಗಳಿಗೆ ಫ್ರಾಂಕ್ ಹರ್ಬರ್ಟ್ ಬರೆದ 'ಡ್ಯೂನ್' ಕಾದಂಬರಿಮಾಲೆಯ ಗ್ರಹಗಳ ಹೆಸರು. ಈ ಕಡೆಯ ಎರಡು ನಿಯಮಗಳು ನನಗೆ ಹಿಡಿಸುವುದಿಲ್ಲ. ಇಂದು ಇಪ್ಪತ್ತು ಮಂದಿ ಮೆಚ್ಚಿದ ಕಾದಂಬರಿ ನೂರು ವರ್ಷಗಳ ಮೇಲೆ ಏನಾಗಿರುತ್ತದೆಂದು ಬಲ್ಲವರಾರು? ಲೋಕಕ್ಕೆಲ್ಲ ಸೇರಿದ ನೆಲಕ್ಕೆ ಒಂದು ಭಾಷೆಯ ಒಬ್ಬಿಬ್ಬರು ಲೇಖಕರನ್ನು ಗುತ್ತಿಗೆ ಹಿಡಿಯುವುದು ಔದಾರ್ಯವಲ್ಲ. ಆದರೂ ಒಂದು ಕಡೆ ಆಕಸ್ಮಿಕವಾಗಿಯೋ ಬೇಕೆಂದೋ ರಸ ಹುಟ್ಟಿದೆ. ಹರ್ಬರ್ಟನ ಅರಾಕಿಸ್ ಎಂಬುದು ಮಳೆಯೇ ಕಾಣದ ಮರಳುಗ್ರಹ. ಟೈಟನ್ನಿನ ದಕ್ಷಿಣ ಧ್ರುವದ ಬಳಿಯ ಅರಾಕಿಸ್ ಬಯಲಾದರೋ, 2004ರಿಂದ 2005ರ ಒಳಗೆ ಹೊಸ ಕಪ್ಪು ಕಲೆಗಳು ಮೂಡಿದ ಸ್ಥಳ. ಮಳೆ ಸುರಿದು ಮೀಥೇನ್ ನಿಂತಿತೆಂದು ಅದನ್ನು ಅರ್ಥಮಾಡಿದ್ದಾರೆ. ಮಳೆ ನಿಂತ ನೆಲಕ್ಕೆ ಮಳೆಯಿಲ್ಲದ ಲೋಕದ ಹೆಸರು! ವಿಪರೀತಲಕ್ಷಣೆಗೆ ತರಗತಿಯಲ್ಲಿ ಉದಾಹರಣೆ ಬೇಕಾದವರು ಇದನ್ನು ಧಾರಾಳವಾಗಿ ಬಳಸಿಕೊಳ್ಳಬಹುದು.

ಸರೋವರಗಳಿಗೂ ಬತ್ತಿದವುಗಳಿಗೂ ಅವರು ಮಾಡಿದ ನಿಯಮ ಇದಕ್ಕಿಂತ ಎಷ್ಟೋ ಮೇಲು. ತುಂಬಿದ್ದಕ್ಕೆ 'ಲಕುಸ್', ಬತ್ತಿದ್ದಕ್ಕೆ 'ಲಕೂನ'. ಎರಡಕ್ಕೂ ಭೂಮಿಯ ಮೇಲಿನ ಸರೋವರಗಳ ಹೆಸರು. ಲಕೂನಗಳಿಗೆ ಆರಿಸಿಕೊಂಡಿರುವವು ಭೂಮಿಯಲ್ಲಿಯೂ ನೀರು ನೆಚ್ಚಿಕೆಯಾಗಿ ನಿಲ್ಲದ ಸ್ಥಳಗಳು. ಆಸ್ಟ್ರೇಲಿಯದ ಆಯರ್, ಬೊಲಿವಿಯದ ಉಪ್ಪಿನ ಬಯಲು ಊಯುನಿ, ಟ್ಯುನೀಸಿಯದ ಜೆರಿದ್, ಆಲ್ಜೀರಿಯದ ಮೆಲ್‌ರೀರ್, ಚಿಲಿಯ ಅಟಕಾಮ, ಬೋಟ್ಸ್ವಾನದ ನಗಾಮಿ, ಕ್ಯಾಲಿಫೋರ್ನಿಯದ ರೇಸ್‌ಟ್ರ್ಯಾಕ್. ಇಲ್ಲಿ ಉಪಮಾನ, ಉಪಮೇಯ, ಸಾಧಾರಣಧರ್ಮ ಮೂರೂ ಸರಿಯಾಗಿ ಕೂತಿವೆ. ಹೆಸರು ಕೇಳಿದ ಮಾತ್ರಕ್ಕೆ ಆ ಸ್ಥಳದ ಸ್ವಭಾವ ಅರ್ಧ ತಿಳಿಯುತ್ತದೆ. ನಗಾಮಿಯನ್ನು ಲಿವಿಂಗ್‌ಸ್ಟನ್ 1849ರಲ್ಲಿ ಕಂಡಾಗ ಅದು ದೊಡ್ಡ ಸರೋವರ. ಆಮೇಲೆ ಅದು ಬತ್ತಿದ್ದೂ ಉಂಟು, ಮತ್ತೆ ತುಂಬಿದ್ದೂ ಉಂಟು. ಹೀಗೆ ಬರುವುದೂ ಹೋಗುವುದೂ ಇರುವ ಸರೋವರಗಳನ್ನು ಉಪಮಾನವಾಗಿ ತಂದದ್ದು, ಟೈಟನ್ನಿನವು ಸತ್ತ ಸರೋವರಗಳೆಂದು ತೀರ್ಪು ಕೊಟ್ಟುಬಿಡುವ ದುಡುಕನ್ನು ತಪ್ಪಿಸಿದೆ.

ಉಪಮಾನವೂ ಮಾತು ತಪ್ಪುವುದುಂಟು. ಕೀನ್ಯದ ನಕೂರು ಸರೋವರದ ಹೆಸರಿನಲ್ಲಿಯೂ ಒಂದು ಲಕೂನವಿದೆ. ಆದರೆ ಕಳೆದ ದಶಕದ ಆರಂಭದಿಂದ ನಕೂರುವಿನ ನೀರು ಏರಿ ಏರಿ ದಡದ ಕಾಡನ್ನೂ ಕಟ್ಟಡಗಳನ್ನೂ ನುಂಗಿತು. ಅಂದವಾದ ಹಂಸಪಕ್ಷಿಗಳಂತೆ ಗುಂಪುಗೂಡುತ್ತಿದ್ದ ಅಲ್ಲಿಯ ರಾಜಹಂಸಗಳು ಬೇರೆ ಮಡುಗಳನ್ನು ಹುಡುಕಿಕೊಂಡು ಹೋದವು. ಹೋಲಿಕೆಯ ಒಂದು ಕೈ ಬರಿದು, ಇನ್ನೊಂದು ಕೈ ತುಂಬಿ ತುಳುಕುತ್ತಿದೆ.

ಈ ಪಟ್ಟಿಯಲ್ಲಿ ನಮ್ಮ ದೇಶದ ಹೆಸರೂ ಒಂದಿದೆ: ಕಚ್ಛ ಲಕೂನ. ಟೈಟನ್ನಿನ ಉತ್ತರ ಧ್ರುವದ ಸಮೀಪದಲ್ಲಿರುವ ಈ ತಗ್ಗಿಗೆ ಕಚ್ಛದ ಮಹಾ ರಣದ ಹೆಸರನ್ನು ಇಟ್ಟಿದ್ದಾರೆ. ಮಳೆಗಾಲದಲ್ಲಿ ನೀರು ಹರಡಿ, ಬೇಸಗೆಯಲ್ಲಿ ಉಪ್ಪು ಮಾತ್ರ ಉಳಿಯುವ ಆ ಬಯಲಿಗಿಂತ ತಕ್ಕ ಉಪಮಾನ ಸಿಗಲಾರದು. ಈ ಹೆಸರಿನಲ್ಲಿ ಒಂದು ಸೂಕ್ಷ್ಮವುಂಟು. ಅಲ್ಲಿಯ 'ರಣ' ಯುದ್ಧವಲ್ಲ; ಸಂಸ್ಕೃತದ 'ಇರಿಣ' ಎಂಬ ಶಬ್ದದಿಂದ ಬಂದದ್ದೆಂದು ಹೇಳುತ್ತಾರೆ. ಇರಿಣವೆಂದರೆ ಚೌಳುನೆಲ, ಏನೂ ಬೆಳೆಯದ ನೆಲ. ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ನಾವಿಕಗ್ರಂಥ 'ಪೆರಿಪ್ಲಸ್' ಆ ಪ್ರದೇಶವನ್ನು 'ಐರಿನೋನ್' ಎಂದು ಕರೆದಿದೆ. 'ಕಚ್ಛ'ವಾದರೋ ನದೀತೀರದ ಜವುಗುನೆಲ, ಕೆಸರುನೆಲ. ಒಂದು ಒದ್ದೆಯ ಮಾತು, ಒಂದು ಒಣ ಮಾತು ಕೂಡಿ ಆ ಸ್ಥಳದ ಎರಡು ಋತುಗಳನ್ನೂ ಹೇಳುತ್ತಿದ್ದವು. ಟೈಟನ್ನಿಗೆ ಒಯ್ದವರು ಒದ್ದೆಯದನ್ನು ಮಾತ್ರ ಒಯ್ದು ಒಣದನ್ನು ಇಲ್ಲಿಯೇ ಬಿಟ್ಟುಹೋದರು! ಒಣತನವನ್ನು ಹೇಳುವ ಭಾರವೆಲ್ಲ 'ಲಕೂನ'ದ ಮೇಲೆ ಬಿತ್ತು. ಅದು ಆ ಭಾರವನ್ನು ಹೊರಬಲ್ಲದೆ?

ಹೊರಬಲ್ಲದೆಂದೇ ನನ್ನ ಮತ. ಲ್ಯಾಟಿನಿನಲ್ಲಿ ಲಕುಸ್ ಎಂದರೆ ಸರೋವರ. ಅದರಿಂದ ಹುಟ್ಟಿದ ಲಕೂನ ಎಂದರೆ ಹೊಂಡ, ಗುಂಡಿ, ಕೊರೆ. ಇಂಗ್ಲಿಷಿನ ಲಗೂನ್ ಇದರ ಮೊಮ್ಮಗಳು. ಇದೇ ಶಬ್ದ ಯೂರೋಪಿನ ಗ್ರಂಥಸಂಪಾದಕರ ಕೈಗೆ ಬಂದು, ಹಸ್ತಪ್ರತಿಯಲ್ಲಿ ಅಕ್ಷರಗಳು ಬಿದ್ದುಹೋದ ಎಡೆ ಎಂಬ ಅರ್ಥವನ್ನು ಪಡೆಯಿತು. ನಾವು ಗ್ರಂಥಪಾತವೆನ್ನುವುದು ಇದನ್ನೇ. ಓಲೆಯ ತುದಿ ಮುರಿದಿರುತ್ತದೆ, ಹುಳು ತಿಂದಿರುತ್ತದೆ. ಶಾಸನವಾದರೆ ಕಲ್ಲಿನ ಮೈ ಚಕ್ಕೆಯೆದ್ದಿರುತ್ತದೆ. ಒಳ್ಳೆಯ ಸಂಪಾದಕ ಅಲ್ಲಿ ಚುಕ್ಕೆಗಳನ್ನು ಹಾಕುತ್ತಾನೆ. ಛಂದಸ್ಸನ್ನು ಎಣಿಸಿ ಎಷ್ಟು ಮಾತ್ರೆ ಹೋಗಿದೆಯೆಂದು ಹೇಳುತ್ತಾನೆ. ಹಿಂದುಮುಂದಿನ ಪದಗಳಿಂದ ಅಲ್ಲಿ ಯಾವ ಜಾತಿಯ ಪದವಿದ್ದೀತೆಂದು ಸೂಚಿಸುತ್ತಾನೆ. ತನ್ನ ಊಹೆಯನ್ನು ಮೂಲದೊಳಗೆ ಸೇರಿಸಿ ಅಚ್ಚುಹಾಕಿಸುವುದಿಲ್ಲ.

ಟೈಟನ್ನಿನ ಲಕೂನಗಳನ್ನು ವಿಜ್ಞಾನಿಗಳು ಓದಿದ ಕ್ರಮ ಬಹುಮಟ್ಟಿಗೆ ಇದೇ. ದ್ರವ ಹೋದಮೇಲೆ ಉಳಿದದ್ದು ಅಂಚು ಮತ್ತು ತಳ. ಅಲ್ಲಿ ಏನಿದೆ? 2011ರಲ್ಲಿ ಪ್ರಕಟವಾದ ಒಂದು ಲೇಖನ, ಲೈಜಿಯ ಸಮುದ್ರದ ದಕ್ಷಿಣಕ್ಕಿರುವ ಬರಿದಾದ ತಗ್ಗುಗಳ ತಳ ಅವಗೆಂಪು ಬೆಳಕಿನಲ್ಲಿ ಸುತ್ತಲ ನೆಲಕ್ಕಿಂತ ಹೊಳೆಯುತ್ತದೆಂದು ತೋರಿಸಿತು. ನೀರಿಟ್ಟ ಹಂಡೆಯಲ್ಲಿ ನೀರು ಆರಿದ ಮೇಲೆ ಬಿಳಿಯ ಗೀಟು ಉಳಿಯುವುದನ್ನು ನಾವು ದಿನವೂ ಕಾಣುತ್ತೇವೆ. ಅದರಂತೆಯೇ ಮೀಥೇನ್ ಈಥೇನ್‌ಗಳಲ್ಲಿ ಕರಗಿದ್ದ ವಸ್ತುಗಳು ದ್ರವ ಆವಿಯಾದಾಗ ಕೆಳಗುಳಿದಿರಬೇಕೆಂದು ಅವರ ವಾದ. ಅಲ್ಲಿ ಅದು ಅಡುಗೆಯ ಉಪ್ಪಲ್ಲ. ಅಸಿಟಿಲೀನ್, ಬ್ಯೂಟೇನ್ ಮುಂತಾದವು ಇರಬಹುದೆಂದು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುತ್ತಿದ್ದಾರೆ. ಇಂಥ ಹೊಳೆಯುವ ನೆಲದ ದೊಡ್ಡ ಹರವುಗಳು ಸಿಕ್ಕಿದ್ದು ಧ್ರುವದಲ್ಲಲ್ಲ, ಇಂದು ದ್ರವವೇ ಅಪರೂಪವಾದ ನಡುನಾಡಿನಲ್ಲಿ, ತುಯಿ ಮತ್ತು ಹೊತೆಯಿ ಎಂಬ ಪ್ರದೇಶಗಳಲ್ಲಿ. ಅಲ್ಲಿ ಒಂದು ಕಾಲಕ್ಕೆ ಸಮುದ್ರಗಳಿದ್ದುವೆ? ಇದ್ದಿರಬಹುದು. ಚುಕ್ಕೆ ಹಾಕಿ ಬಿಟ್ಟಿದ್ದಾರೆ.

ಚುಕ್ಕೆ ಹಾಕದೆ ಊಹೆಯನ್ನೇ ಮೂಲವೆಂದು ಓದಿದರೆ ಆಗುವ ಅನರ್ಥಕ್ಕೆ ಖಗೋಳಶಾಸ್ತ್ರದಲ್ಲಿಯೇ ಪ್ರಸಿದ್ಧವಾದ ಒಂದು ಕಥೆಯಿದೆ, ಮತ್ತು ಅದು ಭಾಷಾಂತರದ ಕಥೆ. 1877ರಲ್ಲಿ ಸ್ಕಿಯಾಪರೆಲ್ಲಿ ಮಂಗಳಗ್ರಹದ ಮೇಲೆ ಕಂಡ ಗೆರೆಗಳನ್ನು ತನ್ನ ಇಟಾಲಿಯನ್ ಭಾಷೆಯಲ್ಲಿ 'ಕನಾಲಿ' ಎಂದ. ಆ ಮಾತಿಗೆ ತಾನಾಗಿ ಆದ ಹರಿವು ಎಂಬ ಅರ್ಥವೂ ಉಂಟು, ತೋಡಿದ ಕಾಲುವೆ ಎಂಬ ಅರ್ಥವೂ ಉಂಟು. ಇಂಗ್ಲಿಷಿಗೆ ಅದು 'ಕೆನಾಲ್' ಎಂದು ಬಂದಿತು. ಎಂದರೆ ತೋಡಿದ ಕಾಲುವೆಯೇ. ತೋಡಿದ್ದಾದರೆ ತೋಡಿದವರು ಬೇಡವೆ? ಪರ್ಸಿವಲ್ ಲೊವೆಲ್ ಅಮೆರಿಕದಲ್ಲಿ ವೇಧಶಾಲೆ ಕಟ್ಟಿಸಿ, ಬಾಯಾರಿದ ಗ್ರಹವೊಂದರಲ್ಲಿ ಧ್ರುವದ ನೀರನ್ನು ಊರಿಗೆ ತರುವ ಬುದ್ಧಿವಂತ ಜನರನ್ನೇ ಕಂಡ. 1965ರಲ್ಲಿ ಮ್ಯಾರಿನರ್ 4 ನೌಕೆಯ ಚಿತ್ರಗಳಲ್ಲಿ ಕಾಲುವೆಯೂ ಇರಲಿಲ್ಲ, ಜನರೂ ಇರಲಿಲ್ಲ. ದೋಷವೆಲ್ಲ ಒಂದು ಪದದ ಮೇಲೆ ಹೊರಿಸುವುದು ಅನ್ಯಾಯವಾದೀತು. ಆದರೆ ಪದ ಬಾಗಿಲು ತೆರೆದುಕೊಟ್ಟದ್ದು ನಿಜ.

ಈಗ ನಮ್ಮ ಸರದಿ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿದ ಕಾಲದಿಂದ ಕನ್ನಡದಲ್ಲಿ ಶಾಸ್ತ್ರ ಬರೆಯುವವರು ಪದಗಳಿಗಾಗಿ ಪಟ್ಟ ಶ್ರಮ ಸಾಮಾನ್ಯವಾದದ್ದಲ್ಲ. ಆ ಶ್ರಮವನ್ನು ಮುಂದುವರಿಸುವುದು ಬಿಟ್ಟು, ಕೈಗೆ ಮೊದಲು ಸಿಕ್ಕ ಸಂಸ್ಕೃತ ಸಮಾಸವನ್ನು ಅಂಟಿಸಿ ಕಳಿಸುವ ಅಭ್ಯಾಸ ಈಗ ಹೆಚ್ಚುತ್ತಿದೆ. ಟೈಟನ್ನಿನ ವಿಷಯದಲ್ಲಿ 'ಜಲಾಶಯ' ಎಂದರೆ ಏನಾಗುತ್ತದೆಂದು ನೋಡಿ. ಜಲವಿರುವ ಸ್ಥಾನ ಜಲಾಶಯ. ಟೈಟನ್ನಿನಲ್ಲಿ ಜಲವೇ ಕಲ್ಲಾದ್ದರಿಂದ ಅಲ್ಲಿಯ ಗುಡ್ಡಬೆಟ್ಟಗಳೆಲ್ಲ ಜಲಾಶಯಗಳು, ಸರೋವರಗಳು ಮಾತ್ರ ಅಲ್ಲ! 'ಸರೋವರ' ಅಷ್ಟು ಅಪಾಯದ್ದಲ್ಲ. ಆದರೆ ಸರಸ್ಸುಗಳಲ್ಲಿ ಶ್ರೇಷ್ಠವಾದದ್ದು ಎಂಬ ಅದರ ಅರ್ಥ ಮೂರು ಕಿಲೋಮೀಟರಿನ ಗುಂಡಿಗೆ ಹೆಚ್ಚಾಯಿತು. 'ಮೃತ ಸರೋವರ' ಎಂದು ಬರೆಯುವವರೂ ಇದ್ದಾರೆ. ಸತ್ತದ್ದಕ್ಕೆ ಸಾಕ್ಷಿ?

ಹಾಗಾದರೆ ನಮ್ಮದೇ ಆದ 'ಕೆರೆ' ಇದೆಯಲ್ಲ ಎನ್ನಬಹುದು. ಬತ್ತಿದ ಕೆರೆಯ ತಳಕ್ಕೆ 'ಕೆರೆಯಂಗಳ' ಎಂಬ ಚೆಲುವಾದ ಮಾತು ಕೂಡ ನಮ್ಮ ಹಳ್ಳಿಗಳಲ್ಲಿದೆ. ನೀರಿಲ್ಲದಾಗ ದನ ಮೇಯುವ, ಮಕ್ಕಳು ಆಡುವ ಜಾಗ ಊರಿನ ಅಂಗಳವಲ್ಲದೆ ಮತ್ತೇನು? ಆ ಮಾತನ್ನು ಬಿಡಲು ನನಗೂ ಮನಸ್ಸಿಲ್ಲ. ಆದರೆ ಬಿಡಲೇಬೇಕು. ಕನ್ನಡದಲ್ಲಿ ಕೆರೆಗೆ ಒಪ್ಪುವ ಕ್ರಿಯಾಪದ 'ಕಟ್ಟು'. ಶಾಸನಗಳಲ್ಲಿ ಅರಸನೋ ಗೌಡನೋ ಯಾರೋ ಪುಣ್ಯವಂತೆಯೋ ಕೆರೆಯನ್ನು ಕಟ್ಟಿಸಿರುತ್ತಾರೆ. ಕೆರೆ ಎಂದಕೂಡಲೆ ಏರಿ ಬರುತ್ತದೆ, ತೂಬು ಬರುತ್ತದೆ, ಕೋಡಿ ಬರುತ್ತದೆ, ನೀರುಗಂಟಿಯೂ ಬಂದು ನಿಲ್ಲುತ್ತಾನೆ. ಟೈಟನ್ನಿನಲ್ಲಿ ಕೆರೆ ಎಂದರೆ ಮಂಗಳದ ಕೆನಾಲಿನ ತಮ್ಮನನ್ನು ನಾವು ಹುಟ್ಟಿಸಿದಂತಾಯಿತು. ಕಲ್ಯಾಣಿ, ಪುಷ್ಕರಣಿಗಳಿಗೂ ಇದೇ ಆಕ್ಷೇಪ. 'ದೊಣೆ'ಯನ್ನು ನಾನು ಸ್ವಲ್ಪ ಹೊತ್ತು ತೂಗಿ ನೋಡಿದೆ. ಬಂಡೆಯ ಮೇಲೆ ತಾನಾಗಿ ಆದ ಕುಳಿ, ಮಳೆ ಬಂದರೆ ತುಂಬುತ್ತದೆ, ಬೇಸಗೆಯಲ್ಲಿ ಬರಿದು. ಟೈಟನ್ನಿನ ಚಿಕ್ಕ ಸರೋವರಗಳಲ್ಲಿ ಹಲವು ನೆಟ್ಟನೆಯ ಗೋಡೆಗಳುಳ್ಳ ಕುಳಿಗಳೇ. ಕೆಲವು ನೂರು ಮೀಟರಿಗೂ ಹೆಚ್ಚು ಆಳ. ನಮ್ಮಲ್ಲಿ ಸುಣ್ಣಕಲ್ಲನ್ನು ನೀರು ಕರಗಿಸಿ ಗುಹೆ ಮಾಡುವಂತೆ ಮೀಥೇನ್ ನೆಲವನ್ನು ಕರಗಿಸಿತೆಂದು ಕೆಲವರು, ಒಳಗಿನ ಅನಿಲ ಸಿಡಿದು ಕುಳಿಯಾಯಿತೆಂದು 2019ರಲ್ಲಿ ಇನ್ನು ಕೆಲವರು ವಾದಿಸಿದ್ದಾರೆ. ಗುಣದಲ್ಲಿ ದೊಣೆ ಹೊಂದುತ್ತದೆ. ಗಾತ್ರದಲ್ಲಿ ಮಾತ್ರ ನಗೆಪಾಟಲು. ಉಳಿದದ್ದು 'ಕೊಳ'. ಕಟ್ಟಿದ ಕೊಳವೂ ಉಂಟು, ತಾನಾಗಿ ಆದ ಕೊಳವೂ ಉಂಟು. ಚಿಕ್ಕದಕ್ಕೂ ಸಲ್ಲುತ್ತದೆ, ದೊಡ್ಡದಕ್ಕೂ ಎಳೆದರೆ ಸಾಲುತ್ತದೆ. ಯಾರು ಮಾಡಿದರೆಂದು ಅದು ಹೇಳುವುದಿಲ್ಲ.

ನಾಮಪದಕ್ಕಿಂತ ಮುಖ್ಯವಾದದ್ದು ಕ್ರಿಯಾಪದ. ದ್ರವ ಇಲ್ಲವಾಗುವುದಕ್ಕೆ ಕನ್ನಡದಲ್ಲಿ ಎಷ್ಟು ಮಾತುಗಳಿವೆಯೆಂದು ಎಣಿಸಿದರೆ ಬಡತನದ ದೂರು ಹೇಳುವವರು ಸುಮ್ಮನಾಗುತ್ತಾರೆ. ಬಟ್ಟೆಯ ನೀರು ಆರುತ್ತದೆ. ಮಣ್ಣಿನ ಮೇಲೆ ಚೆಲ್ಲಿದ ನೀರು ಇಂಗುತ್ತದೆ. ಒಲೆಯ ಮೇಲಿನ ಸಾರು ಕುದಿದು ಇಮರುತ್ತದೆ. ಎಲೆ ಒಣಗುತ್ತದೆ. ಬಾವಿ ಬತ್ತುತ್ತದೆ. ಆರುವುದು ಮೇಲಕ್ಕೆ, ಇಂಗುವುದು ಕೆಳಕ್ಕೆ. ಆಶ್ಚರ್ಯವೆಂದರೆ ಟೈಟನ್ನಿನ ಲಕೂನಗಳನ್ನು ಕುರಿತು ವಿದ್ವಾಂಸರು ಇಂದಿಗೂ ಬಿಡಿಸುತ್ತಿರುವ ಪ್ರಶ್ನೆ ಇದೇ: ಆರಿತೋ, ಇಂಗಿತೋ? ತಳದಲ್ಲಿ ಹೊಳೆಯುವ ಗೀಟು ಆರಿತೆಂಬುದಕ್ಕೆ ಸಾಕ್ಷಿ. ಆದರೆ ಎತ್ತರಗಳನ್ನು ಅಳೆದವರು 2017ರಲ್ಲಿ ಬೇರೊಂದು ಸಾಕ್ಷಿ ತಂದರು. ಬರಿದಾದ ಕುಳಿಗಳ ತಳ, ನೆರೆಯ ತುಂಬಿದ ಕುಳಿಗಳ ದ್ರವದ ಮಟ್ಟಕ್ಕಿಂತ ಎತ್ತರದಲ್ಲಿದೆ. ಹಳ್ಳಿಯ ಬಾವಿಗಳ ನೀರಿನ ಮಟ್ಟ ಬಲ್ಲವರಿಗೆ ಇದರ ಅರ್ಥ ಬಿಡಿಸಬೇಕಾಗಿಲ್ಲ: ನೆಲದೊಳಗೆ ಒಂದಕ್ಕೊಂದು ಸಂಬಂಧವಿದ್ದು, ಮೇಲಿದ್ದದ್ದು ಇಂಗಿ ಕೆಳಗಿನದಕ್ಕೆ ಸೇರಿರಬಹುದು. ಹೈಗೆನ್ಸ್ ಇಳಿದ ನೆಲದ ಹಸಿಯನ್ನು ಇಲ್ಲಿ ನೆನೆಯಿರಿ.

'ಒಣಗು' ಎಂದರೆ ಆ ಹಸಿಗೆ ದ್ರೋಹ. 'ಆರು' ಎಂದರೆ ಒಂದು ಪಕ್ಷ ಹಿಡಿದಂತೆ, 'ಇಂಗು' ಎಂದರೆ ಇನ್ನೊಂದು ಪಕ್ಷ. 'ಬತ್ತು' ಮಾತ್ರ ದ್ರವ ಹೋಯಿತೆಂದು ಹೇಳಿ, ಎತ್ತ ಹೋಯಿತೆಂಬುದನ್ನು ಬಾಯಿಬಿಡದೆ ನಿಲ್ಲುತ್ತದೆ. ಬತ್ತಿದ ಬಾವಿಗೆ ಮತ್ತೆ ಜಲ ಬರುತ್ತದೆ, ಬತ್ತಿದ ಕೆಚ್ಚಲಿಗೆ ಮತ್ತೆ ಹಾಲು ಬರುತ್ತದೆ. ಆ ಮಾತಿನಲ್ಲಿ ಮರಳುವ ದಾರಿ ಮುಚ್ಚಿಲ್ಲ. ಟೈಟನ್ನಿನಲ್ಲಿಯೂ ಮುಚ್ಚಿಲ್ಲ. ಶನಿ ಸೂರ್ಯನನ್ನು ಒಮ್ಮೆ ಸುತ್ತಲು ಇಪ್ಪತ್ತೊಂಬತ್ತೂವರೆ ವರ್ಷ ಬೇಕಾದ್ದರಿಂದ ಅಲ್ಲಿಯ ಒಂದೊಂದು ಋತು ನಮ್ಮ ಏಳು ವರ್ಷಗಳಿಗೂ ಮೀರಿದ್ದು. ಉತ್ತರದಲ್ಲಿ ಚಳಿಗಾಲವಿದ್ದಾಗ ರೇಡಾರಿಗೆ ಕಪ್ಪಾಗಿ ಕಂಡ ಮೂರು ಚಿಕ್ಕ ಕೊಳಗಳು, ವಸಂತ ಬಂದಮೇಲೆ ಅವಗೆಂಪು ಬೆಳಕಿನಲ್ಲಿ ಬರಿಯ ನೆಲವಾಗಿ ಕಂಡವೆಂದು 2019ರಲ್ಲಿ ಬರೆದಿದ್ದಾರೆ. ಇದಕ್ಕಿಂತ ನಿಧಾನವಾದ ತಿರುಗಣೆಯೂ ಒಂದಿರಬೇಕು. ಈ ಕಾಲದಲ್ಲಿ ದಕ್ಷಿಣದ ಬೇಸಗೆಗೆ ಶನಿ ಸೂರ್ಯನಿಗೆ ಹತ್ತಿರ ಬರುತ್ತಾನೆ; ಅಲ್ಲಿ ದ್ರವ ಕಡಿಮೆ, ದೊಡ್ಡ ಬರಿಯ ತಗ್ಗುಗಳು ಹೆಚ್ಚು. ಹತ್ತಾರು ಸಾವಿರ ವರ್ಷಗಳಲ್ಲಿ ಕಕ್ಷೆ ಬದಲಾದಂತೆ ಸರೋವರಗಳು ಉತ್ತರದಿಂದ ದಕ್ಷಿಣಕ್ಕೆ ಗುಳೆ ಹೋಗಬಹುದೆಂದು ಲೆಕ್ಕ ಹೇಳುತ್ತದೆ.

ಬತ್ತು, ಕೊಳ ಎರಡನ್ನೂ ಕೂಡಿಸಿದರೆ 'ಬತ್ತುಗೊಳ'. ಸುಡು, ಕಾಡು ಸೇರಿ ಸುಡುಗಾಡು ಆದ ದಾರಿಯಲ್ಲಿಯೇ ಇದೂ ಆಗುತ್ತದೆ, ವ್ಯಾಕರಣದ ಅಪ್ಪಣೆಗೆ ಅಡ್ಡಿಯಿಲ್ಲ. ಗ್ರಂಥಪಾತವೆಂಬ ಎರಡನೆಯ ಅರ್ಥ ಕನ್ನಡದಲ್ಲಿ ಬಿಟ್ಟುಹೋಗುತ್ತದೆ. ಅದು ನಷ್ಟವೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಬತ್ತಕ್ಕೂ ಇದಕ್ಕೂ ಗೊಂದಲವಾದೀತೆಂದು ಮಿತ್ರರೊಬ್ಬರು ಆಕ್ಷೇಪಿಸಿದರು. 'ಬತ್ತದ ಕೊಳ' ಎಂದರೆ ಬತ್ತ ಬೆಳೆಯುವುದೋ, ಎಂದೂ ಬತ್ತದಿರುವುದೋ ಎಂದು ನಕ್ಕರು. ಬತ್ತುಗೊಳವೆಂದು ಒಂದೇ ಪದವಾಗಿ ಬರೆದರೆ ಆ ಶ್ಲೇಷೆಗೆ ಎಡೆಯಿಲ್ಲ.

ನಿಜವಾದ ತೊಡಕಿರುವುದು ಅಂಚಿನಲ್ಲಿರುವವುಗಳಿಗೆ. ದಕ್ಷಿಣದ ಒಂಟಾರಿಯೊ ಲಕುಸ್ ಸುಮಾರು 235 ಕಿಲೋಮೀಟರು ಉದ್ದದ್ದು. ಗಾತ್ರದ ಹೋಲಿಕೆಯಿಂದ ಅಮೆರಿಕದ ಒಂಟಾರಿಯೊ ಸರೋವರದ ಹೆಸರನ್ನು ಪಡೆಯಿತು. ಆದರೆ 2012ರಲ್ಲಿ ಕೆಲವು ಸಂಶೋಧಕರು ಅದನ್ನು ಹೋಲಿಸಿದ್ದು ನಮೀಬಿಯದ ಎಟೋಶದ ಜೊತೆಗೆ. ಎಂದರೆ ಹೆಚ್ಚು ಕಾಲ ಒಣಗಿದ್ದು ಮಳೆ ಬಂದಾಗ ತೆಳುವಾಗಿ ತುಂಬುವ ಬಯಲಿನ ಜೊತೆಗೆ. ಹೆಸರಿನಲ್ಲಿ ಎಂದೂ ಬತ್ತದ ಆಳವಾದ ಸರೋವರ, ಗುಣದಲ್ಲಿ ಬತ್ತುವ ಜವುಗು. ಅರ್ಧ ತುಂಬಿದ್ದನ್ನು ಕೊಳವೆನ್ನಬೇಕೋ ಬತ್ತುಗೊಳವೆನ್ನಬೇಕೋ? ಲ್ಯಾಟಿನಿನಲ್ಲಿಯೂ ಇದಕ್ಕೆ ಉತ್ತರವಿಲ್ಲ. ಕ್ಯಾಸಿನಿ 2017ರ ಸೆಪ್ಟೆಂಬರಿನಲ್ಲಿ ಶನಿಯೊಳಗೆ ಬಿದ್ದು ಮುಗಿಯಿತು. 2028ರಲ್ಲಿ ಹೊರಟು 2034ರಲ್ಲಿ ಮುಟ್ಟಲಿರುವ ಡ್ರ್ಯಾಗನ್‌ಫ್ಲೈ ಎಂಬ ಹಾರುವ ಯಂತ್ರ ನಡುನಾಡಿನ ಮರಳುದಿಬ್ಬಗಳಲ್ಲಿ ಇಳಿಯತಕ್ಕದ್ದು, ಧ್ರುವದ ಕಡೆ ಹೋಗುವುದಿಲ್ಲ.

ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿದೆ. ಆಯರ್ ಬತ್ತುಗೊಳ, ಊಯುನಿ ಬತ್ತುಗೊಳ, ನಗಾಮಿ ಬತ್ತುಗೊಳ, ಕಚ್ಛ ಬತ್ತುಗೊಳ. ನಾಲಗೆ ಎಡವಲಿಲ್ಲ. ರೇಸ್‌ಟ್ರ್ಯಾಕ್ ಒಂದೇ ಕಷ್ಟ. ಕ್ಯಾಲಿಫೋರ್ನಿಯದ ಆ ಬಯಲಿನಲ್ಲಿ ಕಲ್ಲುಗಳು ತಾವಾಗಿಯೇ ಜಾರಿ ಹಿಂದೆ ಗೀರು ಬಿಡುತ್ತವೆ. ಅವನ್ನು ತಳ್ಳುವುದು ತೆಳ್ಳಗಿನ ಮಂಜಿನ ಹಾಳೆಗಳೆಂದು 2014ರಲ್ಲಷ್ಟೆ ತಿಳಿಯಿತು. ಅದನ್ನು ಕುದುರೆಯ ಜೂಜಿನ ಬಯಲೆಂದು ಭಾಷಾಂತರಿಸಲು ನಾನು ಸಿದ್ಧನಿಲ್ಲ. ಇದ್ದ ಹಾಗೆಯೇ ಇರಲಿ.